ಹಳೆಯ ಬಿಬಿಸಿ ಮೈಕ್ರೋ ಸಿಕ್ಕರೆ ಮೊದಲು ಪ್ಲಗ್ ಹಾಕಬೇಡಿ

ಮೈಸೂರಿನ ಗುಜರಿ ಅಂಗಡಿಗಳಲ್ಲಿ, ಹಳೆಯ ಶಾಲೆಗಳ ಉಗ್ರಾಣಗಳಲ್ಲಿ ಕೆನೆಬಣ್ಣದ ಡಬ್ಬಿ, ಮೇಲಿನ ಸಾಲಿನಲ್ಲಿ ಕೆಂಪು ಕೀಗಳಿರುವ ಕಂಪ್ಯೂಟರ್ ಕಣ್ಣಿಗೆ ಬಿದ್ದರೆ ತೂಕದ ಲೆಕ್ಕದಲ್ಲಿ ಹೋಗಲು ಬಿಡಬೇಡಿ. ಅದು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದದ್ದು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಂದದ್ದೂ ಇದೇ. ಒಳಗಿರುವುದು 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ಮಾಡೆಲ್ ಬಿ ಆದರೆ 32 ಕೆಬಿ ಮೆಮೊರಿ.

ತಂದ ಕೂಡಲೇ "ಆನ್ ಆಗುತ್ತಾ ನೋಡೋಣ" ಅಂತ ಪ್ಲಗ್ ಹಾಕುವುದು ದೊಡ್ಡ ತಪ್ಪು. ಪವರ್ ಸಪ್ಲೈ ಒಳಗೆ ಮೇನ್ಸ್ ತಂತಿಗಳ ನಡುವೆ 0.1 ಮತ್ತು 0.01 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಭಾಗ) ಇರುತ್ತವೆ. ರಿಫಾ ಹೆಸರಿನ, ಜೇನುಬಣ್ಣದ, ಪಾರದರ್ಶಕ ಕವಚದವು. ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿದರೆ ಕವಚದ ಮೇಲೆ ಕೂದಲೆಳೆಯಂಥ ಬಿರುಕುಗಳು ಬಲೆಯ ಹಾಗೆ ಹರಡಿರುತ್ತವೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ಬಿರುಕಿನಿಂದ ತೇವ ನುಗ್ಗಿ ಕಾಗದ ಹೀರಿಕೊಂಡಿರುತ್ತದೆ. 230 ವೋಲ್ಟ್ ಬಿದ್ದಾಗ ಐದು ನಿಮಿಷಕ್ಕೋ ಅರ್ಧ ಗಂಟೆಗೋ ಢಬ್ ಎಂದು ಒಡೆದು ಕಟುವಾದ ಹೊಗೆ, ಕಂದು ಅಂಟು ಡಬ್ಬಿ ತುಂಬ ಹರಡುತ್ತದೆ. ಎಷ್ಟೋ ಸಲ ಹೊಗೆ ಬಂದ ಮೇಲೂ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ, ಏಕೆಂದರೆ ಇವು ಬರೀ ವಿದ್ಯುತ್ತಿನ ಗದ್ದಲ ಸೋಸುವ ಕೆಪಾಸಿಟರ್‌ಗಳು. ಆದರೆ ಆ ಅಂಟು ತೊಳೆಯುವುದು ಒಂದು ದಿನದ ಕೆಲಸ.

ಹಾಗಾಗಿ ನಾನು ಪವರ್ ಸಪ್ಲೈಯನ್ನು ಮೊದಲು ಹೊರಗೆ ತೆಗೆಯುತ್ತೇನೆ. ಡಬ್ಬಿಯ ತಳದ ಸ್ಕ್ರೂ ಬಿಚ್ಚಿ, ಬೋರ್ಡಿಗೆ ಹೋಗುವ ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ ತಂತಿಯ ಫೋಟೋ ಹೊಡೆದುಕೊಂಡು ಕಿತ್ತರೆ ಆಯಿತು. ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್ 325 ವೋಲ್ಟ್‌ವರೆಗೆ ಚಾರ್ಜ್ ಹಿಡಿದಿರಬಹುದು. ಬೇರೆಯವರು ಈಗಾಗಲೇ ಪ್ಲಗ್ ಹಾಕಿ ನೋಡಿದ್ದರಂತೂ ಮಲ್ಟಿಮೀಟರ್‌ನಲ್ಲಿ ಅಳೆಯದೆ ಬೆರಳು ಇಡಬಾರದು. ಚಾರ್ಜ್ ಇದ್ದರೆ ಹೋಲ್ಡರಿಗೆ ಹಾಕಿದ 60 ವ್ಯಾಟ್ ತಂತಿ ಬಲ್ಬಿನ ಮೂಲಕ ಇಳಿಸಿ, ಮತ್ತೆ ಅಳೆಯಿರಿ.

ಬದಲಿಸಲು ಬೇಕಾದದ್ದು ಎಕ್ಸ್2 ದರ್ಜೆಯ, 275 ವೋಲ್ಟ್ ಎಸಿ, ಪಾಲಿಪ್ರೊಪೈಲೀನ್ ಫಿಲ್ಮ್ ಕೆಪಾಸಿಟರ್. ಅಂಗಡಿಯಲ್ಲಿ "400 ವೋಲ್ಟಿನದ್ದು ಇದೆ, ನಡೆಯುತ್ತೆ" ಅಂದರೆ ಒಪ್ಪಿಕೊಳ್ಳಬೇಡಿ. ಅದು ಡಿಸಿ ಲೆಕ್ಕ. ಮೇನ್ಸ್‌ಗೆ ಅಡ್ಡ ಕೂರುವ ಕೆಪಾಸಿಟರ್ ಎಕ್ಸ್ ದರ್ಜೆಯದ್ದೇ ಆಗಬೇಕು. ಕಾಲುಗಳ ಅಂತರ ಮೊದಲೇ ಅಳೆದುಕೊಳ್ಳಿ, ಹೊಸವು ಸಾಮಾನ್ಯವಾಗಿ ಚಿಕ್ಕವಿರುತ್ತವೆ. ಜೊತೆಗೆ 220 ಮೈಕ್ರೋಫ್ಯಾರಡ್, 10 ವೋಲ್ಟಿನ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇದೆ. ಅದು ಒಣಗಿದರೆ ಸಪ್ಲೈ ಏಳುವುದೇ ಇಲ್ಲ. ಅದರ ಜಾಗಕ್ಕೆ 25 ವೋಲ್ಟ್, 105 ಡಿಗ್ರಿ, ಕಡಿಮೆ ಇಎಸ್‌ಆರ್‌ನದ್ದು (ಒಳಗಿನ ಪ್ರತಿರೋಧ ಕಡಿಮೆ ಇರುವುದು) ಹಾಕುತ್ತೇನೆ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೂರೂ ಸಿಗುತ್ತವೆ.

ಪರೀಕ್ಷೆ ಬೋರ್ಡಿಲ್ಲದೆಯೇ ಆಗಬೇಕು. ಲೋಡ್ ಇಲ್ಲದೆ ಈ ಸಪ್ಲೈ ಸರಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ಕೆಂಪು-ಕಪ್ಪು ತಂತಿಗಳ ನಡುವೆ 2.2 ಓಮ್, 25 ವ್ಯಾಟ್‌ನ ರೆಸಿಸ್ಟರ್ ಕಟ್ಟಿ. ಅದು ಸುಮಾರು 11 ವ್ಯಾಟ್ ಎಳೆದು ಚೆನ್ನಾಗಿ ಕಾಯುತ್ತದೆ, ಮರದ ಮೇಜಿನ ಮೇಲೆ ಇಡಬೇಡಿ. ಮೇನ್ಸ್ ಕಡೆ 100 ವ್ಯಾಟ್ ತಂತಿ ಬಲ್ಬ್ ಸೀರೀಸ್‌ನಲ್ಲಿರಲಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಕೆಂಪು ತಂತಿಯಲ್ಲಿ 5, ನೇರಳೆಯಲ್ಲಿ ಮೈನಸ್ 5 ವೋಲ್ಟ್ ಸಿಕ್ಕ ಮೇಲೆ ಬಲ್ಬ್ ತೆಗೆದು ಇನ್ನೊಮ್ಮೆ ಅಳೆದು, ಆಮೇಲಷ್ಟೇ ಬೋರ್ಡಿಗೆ ಜೋಡಿಸಿ. ಇಷ್ಟು ಹಟ ಯಾಕೆಂದರೆ ಈ ಬೋರ್ಡಿನಲ್ಲಿ ಪರದೆಯ ಚಿತ್ರ ಮೂಡಿಸುವ ವಿಡಿಯೋ ಯುಎಲ್‌ಎ ಎಂಬ ಮೂಲ ಚಿಪ್ ಈಗ ಯಾರೂ ತಯಾರಿಸುವುದಿಲ್ಲ. ಕೆಪಾಸಿಟರ್ ಸುಟ್ಟರೆ ಇನ್ನೊಂದು ತರಬಹುದು, ಅದು ಸುಟ್ಟರೆ ಅಂಥದ್ದೇ ಮೂಲ ಚಿಪ್‌ಗೆ ಇನ್ನೊಂದು ಕಂಪ್ಯೂಟರನ್ನೇ ಬಲಿ ಕೊಡಬೇಕು.

ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಆನ್ ಮಾಡಿದಾಗ ಉದ್ದದ ತಗ್ಗು ಸ್ವರ, ಹಿಂದೆಯೇ ಚುಟುಕು ಏರುಸ್ವರ, ಹೀಗೆ ಎರಡು ದನಿ ಹೊರಡಿಸುತ್ತದೆ. ಮೊದಲನೆಯದು ಸೌಂಡ್ ಚಿಪ್ ತಾನಾಗಿಯೇ ಎತ್ತುವ ದನಿ. ಅದನ್ನು ಸುಮ್ಮನಾಗಿಸುವುದು ಆಪರೇಟಿಂಗ್ ಸಿಸ್ಟಂ. ದನಿ ನಿಲ್ಲದೆ ಎಳೆಯುತ್ತಿದ್ದರೆ ಸಿಸ್ಟಂ ಓಡುವ ಹಂತಕ್ಕೇ ಬಂದಿಲ್ಲ ಎಂದರ್ಥ. ಆಗ ಹೊಸ ಚಿಪ್ ಹುಡುಕುವ ಮುಂಚೆ ಸಾಕೆಟ್ ನೋಡಿ. ವರ್ಷಗಟ್ಟಲೆ ಬಿಸಿ-ತಣ್ಣಗೆ ಆಗಿ ಚಿಪ್‌ಗಳು ಸಾಕೆಟ್‌ನಿಂದ ಎಳೆಯಷ್ಟು ಮೇಲೆದ್ದಿರುತ್ತವೆ, ಕಾಲುಗಳು ಕಪ್ಪಾಗಿರುತ್ತವೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಎರಡೂ ತುದಿ ಸರದಿಯಂತೆ ಒಂದೊಂದು ಮಿಲಿಮೀಟರ್ ಎತ್ತಿ. ಒಂದೇ ಕಡೆಯಿಂದ ಮೀಟಿದರೆ ಕೊನೆಯ ಕಾಲು ಮುರಿಯುತ್ತದೆ. ಫೈಬರ್‌ಗ್ಲಾಸ್ ಪೆನ್ನಿನಿಂದ ಕಾಲು ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಕೂರಿಸಿ. ಬೋರ್ಡಿನ ಐಸಿ51 ಸಾಕೆಟ್‌ನಲ್ಲಿರುವುದು ಆಪರೇಟಿಂಗ್ ಸಿಸ್ಟಂ ರಾಮ್ (ROM, ಕರೆಂಟ್ ಹೋದರೂ ಅಳಿಯದ ಮೆಮೊರಿ), ಐಸಿ52ರಲ್ಲಿ ಬೇಸಿಕ್ ಭಾಷೆಯ ರಾಮ್. ಪರದೆಯ ಮೇಲೆ "ಲ್ಯಾಂಗ್ವೇಜ್?" ಎಂದು ಬಂದರೆ ಬೇಸಿಕ್ ಸಿಕ್ಕಿಲ್ಲ, ಅಂದರೆ ಐಸಿ52 ಸಾಕೆಟ್ ನೋಡಬೇಕು. ಮಾಡೆಲ್ ಬಿ ಯಲ್ಲಿ 32ಕೆ ಬದಲು 16ಕೆ ಬಂದರೆ ಅರ್ಧ ಮೆಮೊರಿ ಕೆಲಸ ಮಾಡುತ್ತಿಲ್ಲ. ಬೋರ್ಡಿನ ಮೇಲೆ ವೋಲ್ಟೇಜ್ 4.75ಕ್ಕಿಂತ ಇಳಿದಿದ್ದರೆ ಇವೆಲ್ಲ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ.

ಚಿತ್ರ ನೋಡಲು ಹಿಂದಿನ ಬಿಎನ್‌ಸಿ ಕನೆಕ್ಟರಿನಿಂದ ಟಿವಿಯ ಎವಿ ಇನ್‌ಪುಟ್‌ಗೆ ತಂತಿ ಸಾಕು. ಕಪ್ಪುಬಿಳುಪಾಗಿ ಬರುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ.

ಅಪ್‌ಗ್ರೇಡ್ ವಿಚಾರದಲ್ಲಿ ನನ್ನದು ಒಂದೇ ನಿಯಮ: ಡಬ್ಬಿಗೆ ತೂತಿಲ್ಲ, ಬೋರ್ಡಿನ ಗೆರೆ ಕತ್ತರಿಸುವುದಿಲ್ಲ. ಇದರಲ್ಲಿ ಅದು ಸುಲಭವೂ ಹೌದು. ತಳದ ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಚುಚ್ಚಿ, ಖಾಲಿ ರಾಮ್ ಸಾಕೆಟ್‌ನಲ್ಲಿ ಎಂಎಂಎಫ್‌ಎಸ್ ಎಂಬ ಫೈಲಿಂಗ್ ಸಿಸ್ಟಂ ಕೂರಿಸಿದರೆ ಫ್ಲಾಪಿಯ ಗೊಡವೆಯೇ ಇಲ್ಲ. ಕಾರ್ಡಿನ ಒಂದೇ ಫೈಲಿನಲ್ಲಿ 511 ಡಿಸ್ಕ್ ಹಿಡಿಯುತ್ತವೆ. ಆ ಫೈಲ್ ಕಾರ್ಡಿನಲ್ಲಿ ತುಂಡಾಗದೆ ಒಂದೇ ಸಾಲಿನಲ್ಲಿರಬೇಕು, ಹಾಗಾಗಿ ಹೊಸದಾಗಿ ಫಾರ್ಮ್ಯಾಟ್ ಮಾಡಿ ಮೊದಲು ಅದನ್ನೇ ಕಾಪಿ ಮಾಡಿ. ಯೂಸರ್ ಪೋರ್ಟ್ 5 ವೋಲ್ಟ್, ಕಾರ್ಡ್ 3.3 ವೋಲ್ಟ್. ವೋಲ್ಟೇಜ್ ಇಳಿಸುವ ಭಾಗವಿಲ್ಲದ ಅಗ್ಗದ ಅಡಾಪ್ಟರ್ ಕಾರ್ಡನ್ನು ಸುಡುತ್ತದೆ.

ರಾಮ್ ಬರೆಯಲು 27128 ಎಂಬ ಇಪ್ರಾಮ್ (ಅತಿನೇರಳೆ ಬೆಳಕಿನಲ್ಲಿ ಅಳಿಸಿ ಮತ್ತೆ ಬರೆಯಬಹುದಾದ ಚಿಪ್) ಕೊಳ್ಳುವಾಗ ಎಚ್ಚರ. ಹಳೆಯ 27128ಕ್ಕೆ 21 ವೋಲ್ಟ್ ಬೇಕು, ಚಿಪ್‌ಗೆ ಬರೆಯುವ ಈಗಿನ ಅಗ್ಗದ ಪ್ರೋಗ್ರಾಮರ್ ಸಾಧನಗಳು ಅಷ್ಟು ಕೊಡುವುದಿಲ್ಲ. 12.5 ವೋಲ್ಟಿನ 27ಸಿ128 ಆಗಬಹುದು. ಇಲ್ಲವೇ ಕರೆಂಟಿನಲ್ಲೇ ಅಳಿಸಬಹುದಾದ ವಿನ್‌ಬಾಂಡ್ 27ಸಿ512 ತಂದು, 16 ಕೆಬಿ ಇಮೇಜನ್ನು (ರಾಮ್‌ಗೆ ಬರೆಯುವ ಫೈಲನ್ನು) ಒಂದರ ಹಿಂದೆ ಒಂದರಂತೆ ನಾಲ್ಕು ಸಲ ಬರೆಯಿರಿ. ಹೆಚ್ಚಿನ ಎರಡು ಅಡ್ರೆಸ್ ಕಾಲುಗಳು ಸಾಕೆಟ್‌ನಲ್ಲಿ ಎಲ್ಲಿಗೇ ಸೇರಿದ್ದರೂ ಅದೇ ಇಮೇಜ್ ಸಿಗುತ್ತದೆ.

ಹಳದಿಯಾದ ಡಬ್ಬಿಗೆ ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ 12% ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ, ತೆಳು ಪ್ಲಾಸ್ಟಿಕ್ ಸುತ್ತಿ ಬಿಸಿಲಿಗಿಡುತ್ತೇನೆ. ಕೈಗವಸು ಕಡ್ಡಾಯ. ಅರ್ಧ ಗಂಟೆಗೊಮ್ಮೆ ತಿರುಗಿಸಿ, ಒಣಗಿದ ಕಡೆ ಮತ್ತೆ ಹಚ್ಚಿ, ಇಲ್ಲದಿದ್ದರೆ ಗೆರೆಗೆರೆಯಾಗಿ ಉಳಿಯುತ್ತದೆ. ಅದೇ ತಾರಸಿಯ ಮೇಲೆ ಬೋರ್ಡನ್ನು ಒಣಗಲು ಮಾತ್ರ ಇಡಬೇಡಿ. ಬೆನ್ನ ಮೇಲಿನ ಗಾಜಿನ ಕಿಟಕಿ ಮುಚ್ಚದ ಇಪ್ರಾಮ್‌ನಲ್ಲಿ ಬರೆದದ್ದು ಒಂದು ವಾರದ ನೇರ ಬಿಸಿಲಿಗೆ ಅಳಿಸಿಹೋಗುತ್ತದೆ. ಕಿಟಕಿಗೆ ಬೆಳಕು ತೂರದ ಸ್ಟಿಕ್ಕರ್ ಇರಲಿ, ಅಂಟಿಸುವ ಮೊದಲು ಒಳಗಿನದ್ದನ್ನು ಓದಿ ಎರಡು ಕಡೆ ಉಳಿಸಿಕೊಳ್ಳಿ.

ಆಷಾಢದ ಜಡಿಮಳೆಗೆ ಮುಂಚೆ ಸಿಲಿಕಾ ಜೆಲ್ ಚೀಲದೊಂದಿಗೆ ಮುಚ್ಚಿಡಿ, ನೀಲಿ ಹರಳು ಗುಲಾಬಿಯಾದಾಗ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನುಸಿಗುಳಿಗೆ ಬೇಡ, ಅದು ಪ್ಲಾಸ್ಟಿಕ್‌ಗೆ ಒಗ್ಗುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ: ಯಾವ ಕೆಪಾಸಿಟರ್, ಯಾವ ತಾರೀಖು, ಯಾವ ಸಾಕೆಟ್‌ನಲ್ಲಿ ಏನಿದೆ.