ಫ್ರೆಂಚಲ್ಲಿ ಬಾಕಿ ಕೇಳೋಕೆ ಅಪ್ಪನ ಅಂಗಡಿ ಮಾತೇ ಸಾಕಾಯ್ತು

ನಾನು ಯಂತ್ರಗಳ ಮ್ಯಾನ್ಯುಯಲ್‌ಗಳನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಗಿರಾಕಿಗಳೆಲ್ಲ ಫ್ರಾನ್ಸಿನ ಸಣ್ಣ ಸಣ್ಣ ಕಂಪನಿಗಳು. ಮೂರು ವರ್ಷದ ಹಿಂದೆ ನನ್ನ ಸುಮಾರು 4,000 ಯೂರೋ ಅಲ್ಲಿ ಸಿಕ್ಕಿಕೊಂಡಿತ್ತು. ಮೂರು ಕಂಪನಿ, ಏಳೆಂಟು ಬಿಲ್. ಆ ದುಡ್ಡು ಪೂರ್ತಿ ಬಂತು. ಗಿರಾಕಿಗಳೂ ಉಳಿದರು. ಬಾಕಿ ಕೇಳುವ ಮೇಲನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳುವ ನನ್ನ ದಾರಿ ಕೇಳಿದಾಗ ಫ್ರೆಂಚಿನ ಬಿ2 ಹಂತ ಮುಗಿಸಿದ ಗೆಳೆಯರು "ಕನ್ನಡದಲ್ಲಿ ಯೋಚಿಸಿ ಫ್ರೆಂಚಲ್ಲಿ ಬರೆದರೆ ಆಗಲ್ಲ" ಅಂದಿದ್ದರು. ಆದರೆ ಆಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ. ಬಾಕಿ ನೆನಪಿಸುವ ಮೇಲ್‌ಗೆ ಅವರು ರಲಾಂಸ್ ಅನ್ನುತ್ತಾರೆ. ನನ್ನ ಮೊದಲ ರಲಾಂಸ್ ಇಂಗ್ಲಿಷಿನ 'ಪ್ಲೀಸ್ ರಿಲೀಸ್ ದ ಪೇಮೆಂಟ್' ಅನ್ನೋದರ ಅನುವಾದ. 'ವೆಯ್ಯೆ' ಅಂತ ಶುರು ಮಾಡಿದ್ದೆ. ಡಿಕ್ಷನರಿಯಲ್ಲಿ ಅದರ ಅರ್ಥ 'ದಯವಿಟ್ಟು'. ಆದರೆ ಬಾಕಿ ವಿಷಯದಲ್ಲಿ ಓದುವವರಿಗೆ ಅದು ಕಚೇರಿ ಬಾಗಿಲ ಮೇಲಿನ ಬೋರ್ಡಿನ ಹಾಗೆ ಕೇಳಿಸುತ್ತದೆ, ಸಭ್ಯವಾದ ಆಜ್ಞೆ. 'ಮೆರ್ಸಿ ದ' ಅಂತ ಶುರು ಮಾಡಿದರೂ ಅಷ್ಟೇ. ಥ್ಯಾಂಕ್ಸ್ ಮೊದಲೇ ಹೇಳಿ ಕೆಲಸ ಹೇರಿದಂತೆ. ಎರಡು ತಿಂಗಳು ಉತ್ತರವೇ ಇಲ್ಲ.

ಆಮೇಲೆ ಒಬ್ಬರ ಹತ್ತಿರ ರೆಡಿ ಪತ್ರಗಳ ಒಂದು ಸೆಟ್ ಕೊಂಡೆ. ಎಂಟೋ ಒಂಬತ್ತೋ ಸಾವಿರ ರೂಪಾಯಿ ಹೋಯ್ತು. ಎಲ್ಲದರ ಕೊನೆಯಲ್ಲೂ 'ಜ ವು ಪ್ರಿ ದಾಗ್ರೆಯೆ' ಅಂತ ಶುರುವಾಗುವ ಉದ್ದನೆಯ ವಂದನೆ. ಅದು ಕಾಗದದ ಪತ್ರಕ್ಕೆ, ನೌಕರಿ ಅರ್ಜಿಗೆ, ಸರ್ಕಾರಿ ಕಚೇರಿಗೆ. ವಾರಕ್ಕೆರಡು ಸಲ ಮೇಲ್ ಮಾಡುವವರಿಗೆ ಹಾಗೆ ಬರೆದರೆ ಜಗಳಕ್ಕೆ ಬಂದ ಹಾಗಾಗುತ್ತದೆ. ಒಬ್ಬ ಗಿರಾಕಿ ನಿಜವಾಗಿಯೂ ಗಾಬರಿಯಾಗಿ ಫೋನ್ ಮಾಡಿದರು, "ಏನಾದರೂ ಸಮಸ್ಯೆಯಾ?" ಅಂತ.

ದಾರಿ ಸಿಕ್ಕಿದ್ದು ತಿಪಟೂರಿನಲ್ಲಿ, ಹಬ್ಬಕ್ಕೆ ಹೋದಾಗ. ಅಪ್ಪನದು ದಿನಸಿ ಅಂಗಡಿ. ಗಿರಾಕಿಗಳು ಕೊಬ್ಬರಿ ಮಾರಿದ ಮೇಲೆ ದುಡ್ಡು ಕೊಡುವವರು. ಒಬ್ಬರು ಬಂದು ಕೂತರು. ಅಪ್ಪ ಮೊದಲು ಆರೋಗ್ಯ ವಿಚಾರಿಸಿದರು. ಆಮೇಲೆ ಲೆಕ್ಕದ ಪುಸ್ತಕ ತೆಗೆದು, ಬೆರಳಿಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ಗೌಡ್ರೇ, ನಾನೇ ಎಲ್ಲೋ ತಪ್ಪು ಬರ್ಕೊಂಡಿರ್ಬೇಕು. ನಿಮ್ಮ ಹೆಸ್ರಲ್ಲಿ ಒಂದಿಷ್ಟು ಹಂಗೇ ಐತೆ. ಕೊಟ್ಟಿದ್ರೆ ಹೇಳಿ, ಈಗ್ಲೇ ಹೊಡೆದಾಕ್ತೀನಿ." ಗೌಡರು ಸಂಜೆಯೇ ದುಡ್ಡು ಕಳಿಸಿದರು.

ನನಗೆ ತಟ್ಟನೆ ಹೊಳೆಯಿತು. ಫ್ರೆಂಚಿನ ರಲಾಂಸ್‌ನ ಬೆನ್ನೆಲುಬು ಇದೇ ಅಲ್ವಾ? 'ಸೋಫ್ ಎರರ್ ದ ಮಾ ಪಾರ್', ಅಂದರೆ ನನ್ನ ಕಡೆ ತಪ್ಪಿಲ್ಲದಿದ್ದರೆ. ಆಮೇಲೆ ಬಿಲ್ ನಂಬರ್, ತಾರೀಕು, ಮೊತ್ತ. ಕೊನೆಗೆ, ಅಷ್ಟರಲ್ಲಿ ಹಣ ಕಳಿಸಿದ್ದರೆ ಈ ಪತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅನ್ನೋ ಸಾಲು. ಅಪ್ಪನ ಮೂರು ವಾಕ್ಯ, ಅದೇ ಕ್ರಮದಲ್ಲಿ. ಎದುರಿನವರ ಮುಖ ಉಳಿಸಿ ದುಡ್ಡು ಕೇಳೋದು.

ಅಂದಿನಿಂದ ಮೊದಲು ಅಪ್ಪ ಹೇಳುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಆಮೇಲೆ ಫ್ರೆಂಚಿಗೆ. ಇಂಗ್ಲಿಷನ್ನು ನಡುವೆ ತರುವುದೇ ಇಲ್ಲ. 'ಸ್ವಲ್ಪ ನೋಡಿ ಹೇಳ್ತೀರಾ' ಅಂದರೆ 'ಪುರಿಯೆ-ವು'. 'ತೊಂದರೆ ಕೊಡ್ತಿದೀನಿ' ಅಂದರೆ 'ಜ ಮ ಪೆರ್ಮೆ'. ಎರಡನೇ ರಲಾಂಸ್‌ನಲ್ಲಿ 'ಜ ವು ಸೊರೆ ಗ್ರೆ', ಅಂದರೆ 'ನಿಮಗೆ ಋಣಿಯಾಗಿರುತ್ತೇನೆ', ಬಳಸುತ್ತೇನೆ. ಅದು 'ಸೊರೆ', 'ಸರೆ' ಅಲ್ಲ. ಫ್ರೆಂಚರೇ ಎಷ್ಟೋ ಜನ ಇಲ್ಲಿ ತಪ್ಪುತ್ತಾರೆ, ನಾನು ತಪ್ಪುವುದಿಲ್ಲ. ಎರಡನೇ ರಲಾಂಸ್‌ನ ಮೊದಲ ಸಾಲು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ಕನ್ನಡ ಕೈಕೊಡುವ ಜಾಗವೂ ಇದೆ. ತ್ಯೂ ಮತ್ತು ವು ನಮ್ಮ ನೀನು-ನೀವು ಅಂತ ಎಲ್ಲರೂ ಹೇಳುತ್ತೇವೆ. ಅರ್ಧ ನಿಜ. ನಮ್ಮಲ್ಲಿ ವಯಸ್ಸಾದವರಿಗೆ ನೀವು ಅಂದರೆ ಕೊನೆತನಕ ನೀವೇ. ಅಲ್ಲಿ ಐವತ್ತೈದರ ಮ್ಯಾನೇಜರ್ ಎರಡನೇ ಕಾಲ್‌ನಲ್ಲೇ "ತ್ಯೂ ಅನ್ನೋಣ" ಅಂದರು. ನನಗೆ ಬಾಯಿ ಬರಲಿಲ್ಲ, ಐದಾರು ತಿಂಗಳು ವು ಅಂತಲೇ ಎಳೆದೆ. ನಾನು ದೂರ ಇಡುತ್ತಿದ್ದೇನೆ ಅಂದುಕೊಂಡರು. ಕೊನೆಗೆ ತ್ಯೂ ಕಲಿತೆ. ಅದೇ ಧೈರ್ಯದಲ್ಲಿ ಅದೇ ಕಂಪನಿಯ ಅಕೌಂಟ್ಸ್ ಮೇಡಂಗೂ ತ್ಯೂ ಅಂದುಬಿಟ್ಟೆ. ಉತ್ತರ ಒಂದೇ ಸಾಲು, ಅದರಲ್ಲಿ ವು ಎರಡು ಸಲ. ತ್ಯೂ ಒಬ್ಬೊಬ್ಬರು ಕೊಟ್ಟಾಗ ಒಬ್ಬೊಬ್ಬರಿಗೆ ಮಾತ್ರ. ಇಡೀ ಆಫೀಸಿಗೆ ಸಿಕ್ಕಿದ್ದಲ್ಲ.

ಬೋಂಜೂರ್ ಕೂಡ ಹಾಗೇ. ನಾವು ನಮಸ್ಕಾರ ಇಲ್ಲದೆ ನೇರ ವಿಷಯಕ್ಕೆ ಬಂದರೂ ನಡೆಯುತ್ತದೆ. ಅಲ್ಲಿ ಬೋಂಜೂರ್ ಇಲ್ಲದ ಮೇಲ್ ಚಪ್ಪಲಿ ಹಾಕಿಕೊಂಡೇ ನಡುಮನೆಗೆ ಬಂದ ಹಾಗೆ.

ಸುಮ್ನೆ ಒಂದು ವರ್ಷ ಯಾವ ದಿನ ಬರೆದರೆ ಬೇಗ ಉತ್ತರ ಬರುತ್ತದೆ ಅಂತ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಮಂಗಳವಾರ ಅವರ ಬೆಳಗ್ಗೆ ಚೆನ್ನಾಗಿತ್ತು. ಅಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ ಒಂದು, ಚಳಿಗಾಲದಲ್ಲಿ ಎರಡು ಗಂಟೆ. ಆಗಸ್ಟಲ್ಲಿ ಕಳಿಸಿದ್ದಕ್ಕೆ ರಜೆಯ ಆಟೊಮ್ಯಾಟಿಕ್ ಉತ್ತರ ಬಿಟ್ಟು ಏನೂ ಇಲ್ಲ. ಹೊಸ ವರ್ಷದ ಶುಭಾಶಯ ಜನವರಿ 31ರ ತನಕ ಕಳಿಸಬಹುದು ಅನ್ನೋದು ಅಲ್ಲಿನ ರೂಢಿ. ಬಾಕಿ ಇರುವವರಿಗೆ ನಾನು ಮೂರನೇ ವಾರದಲ್ಲಿ ಕಳಿಸುತ್ತೇನೆ. ಬಿಲ್ಲಿನ ಮಾತೇ ಎತ್ತುವುದಿಲ್ಲ. ನಾಲ್ಕರಲ್ಲಿ ಇಬ್ಬರು ತಾವಾಗಿ ನೆನಪಿಸಿಕೊಂಡು ಹಣ ಹಾಕಿದರು.

ಕಾನೂನು ಗೊತ್ತಿರಲಿ, ಆದರೆ ಬೀಸಬೇಡಿ. ಅಲ್ಲಿ ಕಂಪನಿಗಳ ನಡುವಿನ ಬಿಲ್ಲಿಗೆ ಬೇರೆ ಮಾತಿಲ್ಲದಿದ್ದರೆ 30 ದಿನ, ಒಪ್ಪಂದವಿದ್ದರೆ ಸಾಮಾನ್ಯವಾಗಿ 60 ದಿನದ ತನಕ ಗಡುವು. ತಡವಾದರೆ ವಸೂಲಿ ಖರ್ಚು ಅಂತ 40 ಯೂರೋ. ಅದನ್ನು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತೇನೆ. ಇವತ್ತಿನ ತನಕ ಒಂದು ಸಲವೂ ಕೇಳಿಲ್ಲ. ಕೊನೆಯ ಅಸ್ತ್ರ 'ಮೀಜ್ ಆಂ ದಮರ್', ಲೀಗಲ್ ನೋಟಿಸಿನ ಹಾಗೆ. ಅದನ್ನು ಕಳಿಸಿದರೆ ದುಡ್ಡು ಬಂದರೂ ಗಿರಾಕಿ ಹೋದ ಹಾಗೆ.

ಸದ್ಯಕ್ಕೆ ಒಂದೇ ಬಾಕಿ ಇದೆ, 200 ಯೂರೋ ಚಿಲ್ಲರೆ. ಅಪ್ಪನ ಹತ್ತಿರ ಕೂತು ಮೇಲ್ ಬರೆದಿಟ್ಟಿದ್ದೇನೆ. ಸೆಪ್ಟೆಂಬರಿನ ಎರಡನೇ ಮಂಗಳವಾರ ಹೋಗುತ್ತದೆ.