ಅಳತೆ ಕೂಗುವುದನ್ನು ಬಿಟ್ಟ ಮೇಲೆ

ಶಿವಮೊಗ್ಗದಲ್ಲಿ ಬ್ಲೌಸ್ ಹೊಲಿಯಲು ಕೂತು 22 ವರ್ಷವಾಯಿತು. ಅದರಲ್ಲಿ ಮೊದಲ 16 ವರ್ಷ ನಾನು ಅಳತೆಯನ್ನು ಕೂಗಿ ಹೇಳುತ್ತಿದ್ದೆ. ಟೇಪು ನನ್ನ ಕೈಯಲ್ಲಿ, ಪುಸ್ತಕ ಸಹಾಯಕ್ಕಿದ್ದ ಹುಡುಗಿಯ ಕೈಯಲ್ಲಿ. "ಎದೆ 42, ತೋಳು 15" ಎಂದರೆ ಅಂಗಡಿಯಲ್ಲಿ ಕೂತಿದ್ದವರಿಗೆಲ್ಲ ಕೇಳಿಸುತ್ತಿತ್ತು. ಎಷ್ಟೋ ಜನ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದರು. ಆ ಅಳತೆಗೆ ಹೊಲಿದ ಬ್ಲೌಸಿಗೆ ಮನೆಯಲ್ಲಿ ಹುಕ್ಕು ಹಾಕಲು ಆಗುತ್ತಿರಲಿಲ್ಲ. ವಾಪಸು ತಂದಾಗ ನಾನು "ಸ್ವಲ್ಪ ಸಣ್ಣ ಆಗಿ ಮೇಡಂ, ಆರೋಗ್ಯಕ್ಕೂ ಒಳ್ಳೇದು" ಅನ್ನುತ್ತಿದ್ದೆ. ನಾನು 49 ಕೆ.ಜಿ. ಎರಡು ಹೆರಿಗೆಯಾದರೂ ಮೈ ಬಂದಿಲ್ಲ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಬುದ್ಧಿ ಹೇಳುವ ಹಕ್ಕು ನನಗಿದೆ ಎಂದೇ ನಂಬಿದ್ದೆ.

ಹತ್ತು ವರ್ಷದಿಂದ ನನ್ನಲ್ಲೇ ಹೊಲಿಸುತ್ತಿದ್ದ ಒಬ್ಬ ಟೀಚರ್‌ಗೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ತುಂಬಿದ ಅಂಗಡಿಯಲ್ಲಿ, "2 ಇಂಚು ಜಾಸ್ತಿ ಆಗಿದೀರಾ, ವಾಕಿಂಗ್ ಮಾಡಿ" ಅಂದುಬಿಟ್ಟೆ. ಅವರು ಮಾತಾಡದೆ ಚೀಟಿ ತೆಗೆದುಕೊಂಡು ಹೋದರು. ಬ್ಲೌಸ್ ಒಯ್ಯಲು ಮಗ ಬಂದ. ಆಮೇಲೆ ಅವರು ಅಂಗಡಿ ಕಡೆ ಸುಳಿಯಲಿಲ್ಲ.

2019ರಲ್ಲಿ ನನಗೆ ಎಷ್ಟು ನೀರು ಕುಡಿದರೂ ಬಾಯಾರಿಕೆ, ಮಧ್ಯಾಹ್ನದ ಹೊತ್ತಿಗೆ ಮೆಷಿನ್ ತುಳಿಯಲಾರದಷ್ಟು ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.6. ಅದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ. "ನಾನು ಸಣ್ಣಗಿದೀನಲ್ಲ ಡಾಕ್ಟ್ರೇ" ಅಂದೆ. ಅವರು ನನ್ನ ಬ್ಯಾಗಿನಲ್ಲಿದ್ದ ಟೇಪನ್ನೇ ತೆಗೆಸಿ ಸೊಂಟ ಅಳೆದರು: 33 ಇಂಚು. ಭಾರತದ ಹೆಂಗಸರಿಗೆ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ ಎಚ್ಚರ ಬೇಕಂತೆ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಬಿಎಂಐ ಲೆಕ್ಕ ಮಾತ್ರ 21, ಏನೂ ತೊಂದರೆಯಿಲ್ಲ ಅನ್ನುವ ಸಂಖ್ಯೆ.

ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ವಿಷಯ ನನ್ನ ಡಾಕ್ಟರೇ ಹೇಳಿದ್ದು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರೂ ತಮ್ಮದೇ ಲೆಕ್ಕ ಕೊಟ್ಟಿದ್ದರು. ಇಬ್ಬರ ಬಿಎಂಐಯೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಬ್ರಿಟನ್ನಿನವರಿಗೆ ಶೇ. 9.1, ನಮ್ಮವರಿಗೆ ಶೇ. 21.2. ಬಿಎಂಐ ಲೆಕ್ಕ ಹುಟ್ಟಿದ್ದೇ 1830ರ ದಶಕದಲ್ಲಿ, ಬೆಲ್ಜಿಯಂನ ಕ್ವೆಟ್ಲೆ ಎಂಬ ಗಣಿತಜ್ಞನಿಂದ. ಅವನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ, ಒಬ್ಬೊಬ್ಬರ ಆರೋಗ್ಯವಲ್ಲ. ತೂಕ ಹೆಚ್ಚಿದರೆ ಬಿಪಿ, ಮಂಡಿ ನೋವು, ಸಕ್ಕರೆ ಬರುವ ಸಾಧ್ಯತೆ ಹೆಚ್ಚು ಎಂದೂ ಡಾಕ್ಟರ್ ಹೇಳಿದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾರ ಮೈಯೊಳಗೆ ಏನಿದೆ ಎಂದು ಬ್ಲೌಸಿನ ಅಳತೆ ನೋಡಿ ಹೇಳಲು ನಾನು ಯಾರು?

ದಿನಾ ನಡೆಯಿರಿ ಅಂದರು. ಬೆಳಿಗ್ಗೆ ನೆಹರೂ ಸ್ಟೇಡಿಯಂಗೆ ಹೋದೆ. ಎರಡನೇ ಸುತ್ತಿಗೆ ನನಗೆ ಏದುಸಿರು. ನನ್ನನ್ನು ದಾಟಿ ಬಿರಬಿರನೆ ಹೋದವರು ಅದೇ ಟೀಚರ್. ಎಂಟು ವರ್ಷದಿಂದ ನಡೆಯುತ್ತಿದ್ದಾರಂತೆ. ಥೈರಾಯ್ಡ್ ಮಾತ್ರೆ ಇದೆ, ಸಕ್ಕರೆ ಇಲ್ಲ. "ಅವತ್ತು ಹಾಗೆ ಅನ್ನಬಾರದಿತ್ತು, ತಪ್ಪಾಯ್ತು" ಅಂದೆ. "ನೀವು ಅಂದಿದ್ದಕ್ಕಲ್ಲ. ಅಲ್ಲಿದ್ದವರೆಲ್ಲ ಹೌದು ಅನ್ನೋ ಹಾಗೆ ನನ್ನ ನೋಡಿದ್ರಲ್ಲ, ಅದಕ್ಕೆ" ಅಂದರು.

ಮೊದಲು ಮಾಡಿದ ಕೆಲಸ, ಅಂಗಡಿಯ ಮೂಲೆಗೆ ಪರದೆ ಕಟ್ಟಿದ್ದು. ಅಳತೆ ನಾನೇ ತೆಗೆದು ನಾನೇ ಬರೆಯುತ್ತೇನೆ, ಕೇಳಿದರಷ್ಟೇ ಹೇಳುತ್ತೇನೆ. ಎದೆ ಅಳೆಯುವಾಗ "ಮನೇಲಿ ಇವತ್ತೇನು ಅಡುಗೆ?" ಅಂತ ಮಾತಿಗೆಳೆಯುತ್ತೇನೆ. ಮಾತಾಡುತ್ತಿರುವವರು ಉಸಿರು ಕಟ್ಟಲಾರರು, ಅಳತೆ ಸರಿಯಾಗಿ ಸಿಗುತ್ತದೆ. ಕೆಳಗಿನ ಸುತ್ತಳತೆಯನ್ನು ನಿಂತಾಗ ಒಮ್ಮೆ, ಸ್ಟೂಲಿನ ಮೇಲೆ ಕೂರಿಸಿ ಇನ್ನೊಮ್ಮೆ ತೆಗೆಯುತ್ತೇನೆ. ಹಬ್ಬದ ದಿನ ಊಟಕ್ಕೆ ಕೂರುವವರು ಅವರೇ ತಾನೆ!

ಪಕ್ಕದ ಹೊಲಿಗೆಯಲ್ಲಿ ಮೊದಲು ಅರ್ಧ ಇಂಚು ಬಿಡುತ್ತಿದ್ದೆ, ಈಗ 2 ಇಂಚು ಬಿಟ್ಟು ಮೂರು ಸಾಲು ಹೊಲಿಗೆ ಹಾಕುತ್ತೇನೆ. ಬಿಗಿಯಾದರೆ ಒಂದು ಸಾಲು ಬಿಚ್ಚಿದರಾಯಿತು. ಲೈನಿಂಗ್ ಬಟ್ಟೆಯನ್ನು ರಾತ್ರಿ ನೆನೆಹಾಕಿ ಒಣಗಿಸದೆ ಕತ್ತರಿ ಹಾಕುವುದಿಲ್ಲ. ಇದನ್ನು ಬೇಗ ಮಾಡಬೇಕಿತ್ತು. ಎಷ್ಟು ಹೆಂಗಸರು ಒಂದೇ ಒಗೆತಕ್ಕೆ ಬಿಗಿಯಾದ ಬ್ಲೌಸ್ ಹಿಡಿದು "ಮತ್ತೆ ದಪ್ಪ ಆದೆ" ಎಂದು ಕಣ್ಣು ಒದ್ದೆ ಮಾಡಿಕೊಂಡಿದ್ದರು! ಕುಗ್ಗಿದ್ದು ಕಾಟನ್ ಲೈನಿಂಗ್. ಮೊಣಕೈವರೆಗೆ ತೋಳು ಬೇಕೆಂದರೆ "80 ಸೆಂ.ಮೀ. ಬಟ್ಟೆ ನಿಮ್ಮ ಮೈಗೆ ಸಾಲಲ್ಲ" ಅನ್ನುತ್ತಿದ್ದ ಬಾಯಿ ಈಗ "1 ಮೀಟರ್ ತನ್ನಿ" ಅನ್ನುತ್ತದೆ. ಸೀರೆಯ ಜೊತೆಗೇ ಬಂದ ತುಂಡಾದರೆ ಕಂಕುಳ ಕೆಳಗೆ, ಕಾಣದ ಜಾಗದಲ್ಲಿ ಜೋಡಿಸುತ್ತೇನೆ.

ರೆಡಿಮೇಡ್ ಕುರ್ತಾ ಆಲ್ಟರ್ ಮಾಡಿಸಲು ಬರುವ ಹುಡುಗಿಯರಿಗೆ ಎರಡು ಬ್ರ್ಯಾಂಡಿನ 'ಎಲ್' ಕುರ್ತಾಗಳನ್ನು ಒಂದರ ಮೇಲೊಂದು ಹಾಸಿ ತೋರಿಸುತ್ತೇನೆ, ಸಮ ಬರುವುದು ಅಪರೂಪ. ನಮ್ಮ ಜನರ ಅಳತೆಯ ಪಟ್ಟಿ ಇಲ್ಲವೆಂದೇ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಬೆಂಗಳೂರು ಸೇರಿ 6 ನಗರಗಳಲ್ಲಿ 25,000 ಜನರನ್ನು ಅಳೆಯುವ 'ಇಂಡಿಯಾಸೈಜ್' ಯೋಜನೆ ಹಮ್ಮಿಕೊಂಡಿದ್ದು.

ಕಷ್ಟವಾಗುವುದು ತಾಯಂದಿರ ಜೊತೆ. ಕಾಲೇಜು ಹುಡುಗಿ ಕೈ ಎತ್ತಿ ನಿಂತಿರುವಾಗಲೇ "ಇವಳು ಊಟ ಬಿಡಲ್ಲ, ನೀವಾದ್ರೂ ಹೇಳಿ ಅಕ್ಕ" ಅನ್ನುತ್ತಾರೆ. ಅವರ ಕೈಗೆ ಸೀರೆ ಕೊಟ್ಟು, ಎದುರಿನ ಅಂಗಡಿಯಲ್ಲಿ ಮ್ಯಾಚಿಂಗ್ ಫಾಲ್ಸ್ ತರಲು ಕಳಿಸುತ್ತೇನೆ. ಅವರು ಬರುವಷ್ಟರಲ್ಲಿ ಅಳತೆ ಮುಗಿದಿರುತ್ತದೆ, ಹುಡುಗಿ ಕೊರಳಿನ ಡಿಸೈನ್ ಆರಿಸುತ್ತಿರುತ್ತಾಳೆ.