ಕುಡಿತ ಬಿಡುವವರ ಸಭೆ: ಹುಡುಕುವುದು ಹೇಗೆ, ಸೇರುವುದು ಹೇಗೆ

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಊರೂರಿಗೆ ಜೋಳಿಗೆ ಹಿಡಿದು ಹೋಗಿ, ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ಬಾಗಲಕೋಟೆ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆದರೆ ಜೋಳಿಗೆಗೆ ಚಟ ಹಾಕಿ ಬಂದವನೂ ಮರುದಿನ ಸಂಜೆ ಅದೇ ಮದ್ಯದ ಅಂಗಡಿಯ ಮುಂದೆಯೇ ಮನೆಗೆ ನಡೆಯಬೇಕಾಗುತ್ತದೆ. ಆಣೆ ಮಾಡಿದ ನಂತರದ ತಿಂಗಳುಗಳನ್ನು ದಾಟಲು, ತನ್ನಂತೆಯೇ ಕುಡಿತ ಬಿಟ್ಟವರ ನಡುವೆ ವಾರಕ್ಕೊಮ್ಮೆಯಾದರೂ ಕೂರುವುದು ಬಹಳ ಜನರಿಗೆ ನೆರವಾಗಿದೆ.

ಸಭೆ ಹುಡುಕುವ ಮೊದಲು ವೈದ್ಯರನ್ನು ಕಾಣಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪಿದಂತೆ ಮಾತನಾಡುವ ಸನ್ನಿಯೂ ಬರಬಹುದು, ಇದು ಪ್ರಾಣಕ್ಕೆ ಅಪಾಯ. ಬೆಳಗಾವಿಯ ಬಿಮ್ಸ್ ಆಸ್ಪತ್ರೆ, ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾಸ್ಪತ್ರೆಗಳು, ಹತ್ತಿರದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಇವುಗಳಲ್ಲಿ ಯಾವುದು ಸಮೀಪವೋ ಅಲ್ಲಿ ಮನೋವೈದ್ಯರನ್ನು ವಿಚಾರಿಸಬಹುದು. ತಾಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯದಡಿ ಮಂಗಳವಾರ ಚಿಕಿತ್ಸಾಲಯ ನಡೆಯುತ್ತದೆ, ಯಾವ ಮಂಗಳವಾರವೆಂದು ಮುಂಚಿತವಾಗಿ ಕೇಳಿಕೊಳ್ಳಿ. ವೈದ್ಯರಿಗೆ ಹೇಳಿದ ಸಂಗತಿಯನ್ನು ಗೋಪ್ಯವಾಗಿಡುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ.

ನಮ್ಮ ಭಾಗದಲ್ಲಿ ವಿಚಾರಿಸಬಹುದಾದ ಗುಂಪುಗಳು ಮುಖ್ಯವಾಗಿ ಎರಡು ಬಗೆಯವು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಒಂದು. ಇದಕ್ಕೆ ಸೇರಲು ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಸದಸ್ಯರು ತಾವಾಗಿ ಹಾಕುವ ಅಷ್ಟಿಷ್ಟು ಹಣದಿಂದಲೇ ಗುಂಪು ನಡೆಯುತ್ತದೆ. ಇನ್ನೊಂದು, ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಮುಗಿಸಿದವರ ನವಜೀವನ ಸಮಿತಿ. ಇದನ್ನು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಮೊದಲನೆಯದರಲ್ಲಿ ಹೆಸರು ಮುಚ್ಚಿಡುವುದೇ ನಿಯಮ, ಎರಡನೆಯದರಲ್ಲಿ ಪರಿಚಿತರ ನಡುವೆ ಬಹಿರಂಗವಾಗಿ ಬಿಟ್ಟೆನೆಂದು ಹೇಳುವುದೇ ಬಲ. ಊರಿನಲ್ಲಿ ಮುಖ ತೋರಿಸಲು ಅಂಜುವವರಿಗೆ ಮೊದಲನೆಯದು ಹಗುರವೆನಿಸಬಹುದು.

ಎ.ಎ. ಭಾರತದ ಜಾಲತಾಣದಲ್ಲಿ ಊರುವಾರು ಸಭೆಗಳ ವಿವರ ಸಿಗುತ್ತದೆ. ಇಂಟರ್ನೆಟ್ ಬಳಸಲು ಬಾರದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಎರಡಕ್ಕೂ ಹಣ ಕೊಡಬೇಕಿಲ್ಲ. ವಿಳಾಸ ಸಿಕ್ಕ ಮಾತ್ರಕ್ಕೆ ಬಸ್ ಹತ್ತಬೇಡಿ, ಏಕೆಂದರೆ ಶಾಲೆಯ ಕೋಣೆಯೋ ಚರ್ಚಿನ ಸಭಾಂಗಣವೋ ಬದಲಾಗುವುದುಂಟು. ಹೊರಡುವ ದಿನವೇ ಗುಂಪಿನವರಿಗೆ ಫೋನ್ ಮಾಡಿ, ಸಭೆ ಇದೆಯೇ, ಯಾವ ಭಾಷೆಯಲ್ಲಿ ನಡೆಯುತ್ತದೆ, ಅದು ಯಾರು ಬೇಕಾದರೂ ಬರಬಹುದಾದ ಮುಕ್ತ ಸಭೆಯೋ ಕುಡಿತದ ಸಮಸ್ಯೆಯಿರುವವರಿಗೆ ಮಾತ್ರ ಮೀಸಲೋ ಎಂದು ಕೇಳಿ. ಬೆಳಗಾವಿಯಲ್ಲಿ ಭಾಷೆಯ ಪ್ರಶ್ನೆ ಸಣ್ಣದಲ್ಲ, ಮನಸ್ಸಿನ ಸಂಕಟವನ್ನು ಕನ್ನಡದಲ್ಲಿ ಹೇಳಬಲ್ಲವನು ಮರಾಠಿಯಲ್ಲಿ ತಡವರಿಸಬಹುದು, ಮರಾಠಿಗನ ಪಾಡೂ ಅದೇ. ಹಳ್ಳಿಯಿಂದ ಬರುವವರು ಕೊನೆಯ ಬಸ್ಸಿನ ವೇಳೆಯನ್ನೂ ನೋಡಿಕೊಳ್ಳಬೇಕು.

ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬೊಬ್ಬರೂ ತಮ್ಮ ಅನುಭವವನ್ನೇ ಹೇಳುತ್ತಾರೆ. ಇನ್ನೊಬ್ಬರಿಗೆ ಬುದ್ಧಿ ಹೇಳುವ, ತಪ್ಪು ಹುಡುಕುವ ಪದ್ಧತಿಯಿಲ್ಲ. ಹೊಸಬರು ಮಾತನಾಡಲೇಬೇಕೆಂದಿಲ್ಲ, ಸುಮ್ಮನೆ ಕೇಳಿ ಬರಬಹುದು. ಮೊದಲ ಸಭೆ ಹಿಡಿಸದಿದ್ದರೆ ಗುಂಪು ಸರಿಯಿಲ್ಲವೆಂದು ತೀರ್ಮಾನಿಸದೆ ಕೆಲವು ವಾರ ಹೋಗಿ ನೋಡಿ, ಬೇರೆ ಗುಂಪಿದ್ದರೆ ಅಲ್ಲಿಗೂ ಹೋಗಿ. ನಡುವೆ ಮತ್ತೆ ಕುಡಿದವರನ್ನು ಹೊರಗೆ ಹಾಕುವುದಿಲ್ಲ. ಹಳೆಯ ಸದಸ್ಯರೊಬ್ಬರ ಫೋನ್ ಸಂಖ್ಯೆ ಪಡೆದು ಬರುವುದು ಒಳ್ಳೆಯದು. ಆಸೆ ಹೊತ್ತಿಕೊಳ್ಳುವ ಗಳಿಗೆ ಸಭೆಯ ದಿನಕ್ಕಾಗಿ ಕಾಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿಯಿಂದ ಚಟ ಬಿಡಿಸುತ್ತೇವೆ ಎನ್ನುವ ಜಾಹೀರಾತುಗಳು ನಮ್ಮಲ್ಲಿ ಇನ್ನೂ ಕಾಣುತ್ತವೆ. ಕುಡಿದರೆ ವಾಂತಿ, ಎದೆಬಡಿತ ತರಿಸುವ ಡೈಸಲ್ಫಿರಾಮ್ ಎಂಬ ಔಷಧವನ್ನು ರೋಗಿಗೆ ತಿಳಿಸದೆ ಕೊಡಬಾರದು, ಅದನ್ನರಿಯದೆ ಕುಡಿದವನಿಗೆ ಅದು ಮಾರಕವಾಗಬಹುದು. ಪುಡಿಯಲ್ಲಿ ಏನಿದೆಯೆಂದು ಹೇಳದವರಿಂದ ಮನೆಯವರು ದೂರವಿರಬೇಕು.

ಸಭೆಗೆ ಬರಲು ಗಂಡ ಅಥವಾ ಮಗ ಒಪ್ಪದಿದ್ದರೂ ಮನೆಯವರು ಕಾಯುತ್ತ ಕೂರಬೇಕಿಲ್ಲ. ಕುಡುಕರ ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ, ಮುಕ್ತ ಸಭೆಗಳಿಗೂ ಅವರು ಹೋಗಬಹುದು.

ಸಿಂದಗಿ, ರಾಮದುರ್ಗ, ಹುನಗುಂದದಂತಹ ಕಡೆ ಹತ್ತಿರದಲ್ಲಿ ಗುಂಪು ಸಿಗದಿದ್ದರೆ ಮೊಬೈಲಿನಲ್ಲಿ ನಡೆಯುವ ಆನ್‌ಲೈನ್ ಸಭೆಗಳಿಂದ ಆರಂಭಿಸಬಹುದು. ಕುಡಿತ ಬಿಡಬಯಸುವ ಇಬ್ಬರು ಮೂವರು ಒಟ್ಟಿಗೆ ಕೂತರೂ ಅದು ಗುಂಪೇ ಎಂದು ಎ.ಎ. ಸಂಪ್ರದಾಯ ಹೇಳುತ್ತದೆ. ಪಕ್ಕದ ಪಟ್ಟಣದ ಗುಂಪಿನ ಹಳಬರೊಬ್ಬರನ್ನು ಮೊದಲ ಕೆಲವು ವಾರ ಕರೆಸಿಕೊಂಡು, ಬಾಡಿಗೆಯಿಲ್ಲದ ಒಂದು ಕೋಣೆ, ವಾರದಲ್ಲಿ ತಪ್ಪದ ಒಂದು ದಿನ, ತಪ್ಪದ ಒಂದು ವೇಳೆ ಗೊತ್ತುಮಾಡಿ, ಆ ವಿವರವನ್ನು ತಾಲೂಕು ಆಸ್ಪತ್ರೆಯ ವೈದ್ಯರಿಗೂ ಎ.ಎ. ಕಚೇರಿಗೂ ತಿಳಿಸಿದರೆ ಮುಂದಿನವರಿಗೆ ದಾರಿ ಸಿಗುತ್ತದೆ.